ಹತ್ತು ಮಂಡಳಿ, ಒಂದೇ ಶ್ರುತಿ: ಊರಿನಲ್ಲಿ ಹಾಡಿನ ಹಬ್ಬ ಮಾಡುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಅಡೂರಿನ ತನಕ ಯಾವ ಬಸ್ ಸ್ಟಾಪಿನಲ್ಲಿ ಇಳಿದರೂ ನಡೆದು ಹೋಗುವಷ್ಟು ದೂರದಲ್ಲಿ ಒಂದು ಭಜನಾ ಮಂದಿರ ಸಿಗುತ್ತದೆ. ವಾರಕ್ಕೊಮ್ಮೆಯಾದರೂ ಸಂಜೆ ಅಲ್ಲಿಂದ ತಾಳದ ಸದ್ದು ಕೇಳುತ್ತದೆ. ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಹಾಡುವ ತಂಡಗಳಿವೆ. ಹೆಂಗಸರ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀ ಘಟಕಗಳಲ್ಲಿ ಒಳ್ಳೆಯ ಕಂಠದ ಹೆಂಗಸರಿದ್ದಾರೆ. ಮುಸ್ಲಿಮರ ಹಾಡು ಕುಣಿತಗಳಾದ ಕೋಲ್ಕಳಿ, ದಫ್‌ ಮುಟ್ಟಿನ ಹುಡುಗರಿದ್ದಾರೆ. ಕನ್ನಡ, ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಎಲ್ಲ ಭಾಷೆಗಳಲ್ಲೂ ಹಾಡುವವರು ಒಂದೇ ಪಂಚಾಯತಿನಲ್ಲಿ ಸಿಗುತ್ತಾರೆ. ಕಾಸರಗೋಡಿನಲ್ಲಿ ಹಾಡುವವರಿಗೆ ಬರ ಇಲ್ಲ.

ಹಾಗಂತ ಹತ್ತು ತಂಡ ಕರೆದು ಒಂದಾದ ಮೇಲೆ ಒಂದು ಹಾಡಿಸಿದರೆ ಅದು ಹಬ್ಬ ಆಗುವುದಿಲ್ಲ. ಸರದಿ ಮುಗಿದ ತಂಡ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ಜೀಪು ಹತ್ತುತ್ತದೆ. ಕೊನೆಯ ತಂಡದ ಎದುರು ಉಳಿಯುವವರು ಮೈಕ್‌ನವರು ಮತ್ತು ಧನ್ಯವಾದ ಹೇಳಬೇಕಾದವರು, ಅಷ್ಟೇ. ಇದನ್ನು ತಪ್ಪಿಸಬೇಕಾದರೆ ಎಲ್ಲರೂ ಸೇರಿ ಹಾಡುವ ಎರಡು ಮೂರು ಹಾಡನ್ನೇ ಹಬ್ಬದ ಮುಖ್ಯ ಭಾಗ ಮಾಡಬೇಕು. ಬಾಕಿ ಎಲ್ಲ ಏರ್ಪಾಡು ಅದರ ಸುತ್ತ. ಈ ಲೇಖನದಲ್ಲಿ ಹೇಳುವುದೂ ಅದೇ ಕ್ರಮದಲ್ಲಿ.

ಮೊದಲ ಸಭೆ, ಮೂರು ತಿಂಗಳು ಮೊದಲು

ಪ್ರತಿ ತಂಡದಿಂದ ಇಬ್ಬರನ್ನು ಕರೆಯಿರಿ. ಒಬ್ಬರು ಅಧ್ಯಕ್ಷರೋ ಕಾರ್ಯದರ್ಶಿಯೋ ಇರಲಿ, ಇನ್ನೊಬ್ಬರು ನಿಜವಾಗಿ ಹಾಡಿಸುವವರೇ ಆಗಿರಬೇಕು. ಅಧ್ಯಕ್ಷರು ಎಲ್ಲದಕ್ಕೂ ತಲೆಯಾಡಿಸಿ ಹೋಗುತ್ತಾರೆ. ಮನೆಗೆ ಹೋದ ಮೇಲೆ "ಅದು ನಮಗೆ ಆಗ್ಲಿಕ್ಕಿಲ್ಲ" ಎನ್ನುವವರು ಹಾಡಿಸುವವರು.

ಈ ಸಭೆಯಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ತೀರ್ಪುಗಾರರು ಬಂದ ಕೂಡಲೇ ತಂಡಗಳು ತಮ್ಮ ಹಾಡನ್ನು ಮುಚ್ಚಿಟ್ಟುಕೊಳ್ಳುತ್ತವೆ, ಒಟ್ಟಿಗೆ ಅಭ್ಯಾಸಕ್ಕೆ ಬರುವುದಿಲ್ಲ. ಮರುದಿನದಿಂದ ಬೇರೆಯೇ ಪಂಚಾಯ್ತಿಕೆ ಶುರು. ಎಲ್ಲ ತಂಡಕ್ಕೂ ಒಂದೇ ಬಗೆಯ ಸ್ಮರಣಿಕೆ ಸಾಕು.

ಜಾಗದ ವಿಷಯವೂ ಇಲ್ಲೇ ಮಾತಾಡಿ. ಮಂದಿರದ ಅಂಗಳ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಇಗರ್ಜಿಯ ತಂಡ, ಮಾಪಿಳ್ಳ (ಮಲಬಾರಿನ ಮುಸ್ಲಿಂ) ಹಾಡಿನ ತಂಡ ಎಲ್ಲ ಬರಬೇಕು ಅಂತ ಆಸೆ ಇದ್ದರೆ ಪಂಚಾಯತಿನ ಸಮುದಾಯ ಭವನ, ಶಾಲೆಯ ಹಾಲ್ ಇಂಥ ಕಡೆ ಮಾಡುವುದು ಲೇಸು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ನೆ ಬರದೆ ಇರುತ್ತಾರೆ.

ದಿನ ಗೊತ್ತು ಮಾಡುವುದು

ನವೆಂಬರ್ 1 ಎಲ್ಲರ ಮನಸ್ಸಿಗೆ ಮೊದಲು ಬರುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಕರ್ನಾಟಕದಲ್ಲಿ ರಾಜ್ಯೋತ್ಸವ, ಇಲ್ಲಿ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಅರ್ಥ ಇರುವ ದಿನವೇ. ಆದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಇನ್ನೂ ಹೋಗಿರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿ ಗುಡುಗು ಶುರುವಾದರೆ ಮೈಕ್ ಬಂದ್. ಶಾಲಾ ಮಕ್ಕಳು ಉಪಜಿಲ್ಲಾ ಕಲೋತ್ಸವದ (ಶಾಲೆಗಳ ಕಲಾ ಸ್ಪರ್ಧೆ) ಗಡಿಬಿಡಿಯಲ್ಲಿರುತ್ತಾರೆ.

ಡಿಸೆಂಬರ್‌ನಲ್ಲಿ ಇಗರ್ಜಿ ತಂಡಗಳಿಗೆ ಕ್ರಿಸ್ಮಸ್ ತಯಾರಿ. ಮಂಜೇಶ್ವರ ಕಡೆಯವರಿಗೆ ಷಷ್ಠಿ ಜಾತ್ರೆ. ಜನವರಿ ಮಧ್ಯದಲ್ಲಿ ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು), ಆ ವಾರ ಬೇರೆ ಕಾರ್ಯಕ್ರಮಕ್ಕೆ ಜನ ಸಿಗುವುದಿಲ್ಲ. ಮಾರ್ಚ್ ಅಂದರೆ ಪರೀಕ್ಷೆ. ಏಪ್ರಿಲ್, ಮೇ ಸೆಕೆ ಮತ್ತು ಮದುವೆ. ಪತ್ತನಾಜೆ (ಮೇ ಕೊನೆಯಲ್ಲಿ ಬರುವ ತುಳು ಪರ್ವ) ಕಳೆದರೆ ಮಳೆ. ಹೀಗೆ ಕಳೆಯುತ್ತಾ ಬಂದರೆ ಉಳಿಯುವುದು ಜನವರಿ ಕೊನೆ ಅಥವಾ ಫೆಬ್ರವರಿ ಮೊದಲಿನ ಒಂದು ಆದಿತ್ಯವಾರ. ರಂಜಾನ್ ತಿಂಗಳು ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಈಗ ಅದೂ ಫೆಬ್ರವರಿಯ ಸುತ್ತಮುತ್ತ ಬರುತ್ತಿದೆ. ಕ್ಯಾಲೆಂಡರ್ ನೋಡಿಯೇ ನಿರ್ಧಾರ ಮಾಡಿ.

ಹೊತ್ತು ಮಧ್ಯಾಹ್ನ ಎರಡೂವರೆಯಿಂದ ಆರೂಕಾಲು. ಬೆಳಗ್ಗೆ ಇಗರ್ಜಿಯಲ್ಲಿ ಪೂಜೆ ಇರುತ್ತದೆ. ಸಂಜೆ ಮಸೀದಿಯ ಬಾಂಗಿನ ಹೊತ್ತಿಗೆ ಕಾರ್ಯಕ್ರಮ ಮುಗಿದಿರುತ್ತದೆ. ಒಳಊರುಗಳಿಗೆ ಕೊನೆಯ ಬಸ್ಸೂ ಸಿಗುತ್ತದೆ. ಕೊನೆಯ ಬಸ್ಸಿನ ಸಮಯ ಕೇಳಿಯೇ ಮುಗಿಸುವ ಸಮಯ ಇಡಿ. ಇಲ್ಲದಿದ್ದರೆ ಕೊನೆಯ ಹಾಡಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಒಟ್ಟಿಗೆ ಹಾಡುವ ಹಾಡು ಯಾವುದು?

ಮೂರಕ್ಕಿಂತ ಜಾಸ್ತಿ ಬೇಡ. ಮೊದಲ ವರ್ಷ ಆದರೆ ಎರಡೇ ಸಾಕು.

"ಎಲ್ಲರಿಗೂ ಗೊತ್ತಿರುವ ಹಾಡು" ಆರಿಸುವುದು ಸುಲಭ ಅನಿಸುತ್ತದೆ. ಕಷ್ಟ ಅಲ್ಲೇ ಇರುವುದು. ಒಂದೇ ದಾಸರ ಪದ ಒಂದು ಮಂಡಳಿಯಲ್ಲಿ ಮಧ್ಯಮಾವತಿ ರಾಗ, ಇನ್ನೊಂದರಲ್ಲಿ ಆನಂದಭೈರವಿ. ಒಬ್ಬರು ಪಲ್ಲವಿಯನ್ನು ಎರಡು ಸಲ ಹಾಡುತ್ತಾರೆ, ಇನ್ನೊಬ್ಬರು ನಾಲ್ಕು ಸಲ. ಮೂವತ್ತು ವರ್ಷ ಒಂದೇ ಪಾಠದಲ್ಲಿ ಹಾಡಿದವರಿಗೆ "ಇದನ್ನು ಹೀಗೆ ಹಾಡಿ" ಎಂದರೆ ಗಂಟಲು ಒಪ್ಪುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಅದಕ್ಕೇ ನನ್ನ ಸಲಹೆ: ಒಂದು ಹಾಡು ಎಲ್ಲರಿಗೂ ಹೊಸತಾಗಿರಲಿ. ಹೊಸ ಹಾಡಿನಲ್ಲಿ ಎಲ್ಲರೂ ಸಮಾನರು. ಇನ್ನೊಂದು ಹಳೆಯದು ಇರಲಿ, ಆದರೆ ಯಾರ ಪಾಠ ಎಂದು ಮೊದಲ ಸಭೆಯಲ್ಲೇ ತೀರ್ಮಾನ ಮಾಡಿ.

ಹೊಸ ಹಾಡಿಗೆ ಸಾಹಿತ್ಯ ಹುಡುಕುವಾಗ ನಮ್ಮ ಊರಿನ ಕವಿಗಳ ಕಡೆ ನೋಡಬಹುದು. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಕವಿತೆಗಳು 2024ರಿಂದ ಎಲ್ಲರಿಗೂ ಮುಕ್ತ. ಊರಿನ ಸಂಗೀತ ಟೀಚರ್ ಒಬ್ಬರು ಸರಳವಾದ ರಾಗ ಹಾಕಿಕೊಟ್ಟರೆ ನಿಮ್ಮದೇ ಹಾಡು ಸಿದ್ಧ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಕವಿತೆಗಳಿಗೆ ಹಕ್ಕು ಇನ್ನೂ ಇದೆ. ಹವ್ಯಾಸಿ ತಂಡಗಳು ಟಿಕೆಟ್ ಇಲ್ಲದೆ ಜನರೆದುರು ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಅದಕ್ಕೆ ಹೆದರಬೇಕಾಗಿಲ್ಲ. ಯೂಟ್ಯೂಬಿಗೆ ಹಾಕುವುದಾದರೆ ಮಾತು ಬೇರೆ. ಆಗ ಕವಿಯ ಮನೆಯವರನ್ನು ಕೇಳಿ. ಕ್ಯಾಸೆಟ್ಟಿನಲ್ಲಿ ಬಂದ ಭಾವಗೀತೆಯ ಧಾಟಿಯನ್ನೇ ಹಾಡಿದ್ದರೆ ಸಂಗೀತ ಸಂಯೋಜಕರ ಹಕ್ಕು ಪ್ರತ್ಯೇಕ ಇರುತ್ತದೆ ಎಂಬುದೂ ನೆನಪಿರಲಿ.

ಹಾಡಿನ ವಿಸ್ತಾರ ಒಂದು ಸ್ಥಾಯಿಯ ಒಳಗೆ ಇರಬೇಕು. ಕೆಳಗಿನ ಷಡ್ಜದಿಂದ ಮೇಲಿನ ಷಡ್ಜ, ಅಷ್ಟೇ. ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಹಾಡುವುದು), ಗಮಕ (ಸ್ವರದ ಬಳುಕು) ಜಾಸ್ತಿ ಇದ್ದರೆ ನೂರು ಜನ ನೂರು ಬಗೆ ಎಳೆಯುತ್ತಾರೆ. ನೇರ ಸ್ವರದಲ್ಲಿ ನಡೆಯುವ ಧಾಟಿ ಗುಂಪಿಗೆ ಚಂದ. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ಜಾಗ ಇದೆಯೇ ನೋಡಿ.

ಸಾಹಿತ್ಯದ ಹಾಳೆಯನ್ನು ಕನ್ನಡ ಮತ್ತು ಮಲಯಾಳ ಎರಡೂ ಲಿಪಿಗಳಲ್ಲಿ ಅಚ್ಚು ಹಾಕಿಸಿ. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿ ಶಾಲೆಯಲ್ಲಿ ಮಲಯಾಳ, ಇಂಗ್ಲಿಷ್ ಮಾತ್ರ ಓದಿದ ಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ. ಹಾಳೆ ಕೈಗೆ ಕೊಟ್ಟಾಗ ಅವರು ತಲೆ ತಗ್ಗಿಸುವ ಹಾಗೆ ಆಗಬಾರದು. ಅಕ್ಷರ ದೊಡ್ಡದಿರಲಿ, ಅಜ್ಜಂದಿರ ಕನ್ನಡಕಕ್ಕೂ ಕಾಣಬೇಕಲ್ವಾ. ತುಳು ಹಾಡು, ಕೊಂಕಣಿ ಹಾಡು ಇದ್ದರೆ ಆ ಭಾಷೆಯವರೊಬ್ಬರು ಮೊದಲು ಮಾತಿನಲ್ಲಿ ಓದಿ ಹೇಳಲಿ. ಆಮೇಲೆ ರಾಗ.

ಶ್ರುತಿ ಮತ್ತು ಸರದಿ

ಹಾರ್ಮೋನಿಯಂ ನುಡಿಸುವವರು ಇಲ್ಲಿಗೆ ಬಂದಾಗ ಸ್ವಲ್ಪ ನಿಧಾನ ಓದಿ. ಕಪ್ಪು ಒಂದು, ಬಿಳಿ ಎರಡು ಎಂದರೆ ಹಾರ್ಮೋನಿಯಂನಲ್ಲಿ ಷಡ್ಜ ಇಡುವ ಕಪ್ಪು, ಬಿಳಿ ಮನೆಗಳ ಲೆಕ್ಕ. ಗಂಡಸರ ಭಜನಾ ತಂಡ ಸಾಮಾನ್ಯವಾಗಿ ಕಪ್ಪು ಒಂದು, ಬಿಳಿ ಎರಡರ ಆಸುಪಾಸು ಹಾಡುತ್ತದೆ. ಹೆಂಗಸರ ತಂಡ ಬಿಳಿ ಐದು, ಕಪ್ಪು ನಾಲ್ಕು. ಎರಡನ್ನೂ ಸೇರಿಸಿದರೆ ಯಾರದ್ದೋ ಗಂಟಲು ಹರಿಯುತ್ತದೆ, ಇಲ್ಲವೇ ಯಾರದ್ದೋ ಸ್ವರ ಕೇಳುವುದೇ ಇಲ್ಲ. ಒಂದು ಸ್ಥಾಯಿಯ ಹಾಡಾದರೆ ಕಪ್ಪು ಎರಡರಿಂದ ಬಿಳಿ ನಾಲ್ಕರ ಒಳಗೆ ಎಲ್ಲಾದರೂ ರಾಜಿ ಆಗುತ್ತದೆ.

ಪರೀಕ್ಷೆ ಮಾಡುವುದು ಹೀಗೆ. ಹಾಡಿನ ಅತಿ ಎತ್ತರದ ಸಾಲನ್ನು ಗಂಡಸರ ತಂಡದ ಹಿರಿಯರೊಬ್ಬರಿಂದ ಹಾಡಿಸಿ. ಅತಿ ಕೆಳಗಿನ ಸಾಲನ್ನು ಹೆಂಗಸರ ತಂಡದಿಂದ ಹಾಡಿಸಿ. ಕತ್ತಿನ ನರ ಉಬ್ಬದೆ ಅವರು, ಸ್ವರ ಮುಳುಗದೆ ಇವರು ಹಾಡಿದರೆ ಅದೇ ನಿಮ್ಮ ಶ್ರುತಿ. ಚೆನ್ನಾಗಿ ಹಾಡುವವರಿಂದ ಮಾತ್ರ ಪರೀಕ್ಷೆ ಮಾಡಿಸಬೇಡಿ. ಅವರು ಎಲ್ಲಿಯೂ ಹಾಡಿಬಿಡುತ್ತಾರೆ.

ತಂಡಗಳ ಪ್ರತ್ಯೇಕ ಹಾಡಿಗೂ ಶ್ರುತಿ ಕೇಳಿ ಬರೆದುಕೊಳ್ಳಿ. ಹೆಸರು ನೋಂದಾಯಿಸುವ ಫಾರ್ಮಿನಲ್ಲೇ ಒಂದು ಸಾಲು ಇರಲಿ. ಸರದಿ ಪಟ್ಟಿ ಮಾಡುವಾಗ ಹೆಚ್ಚಿನವರು ಚೀಟಿ ಎತ್ತುತ್ತಾರೆ, ಇಲ್ಲವೇ ದೂರದಿಂದ ಬಂದವರಿಗೆ ಮೊದಲು ಅಂತ ಮಾಡುತ್ತಾರೆ. ನಾನು ಹೇಳುವುದು ಶ್ರುತಿ ಪ್ರಕಾರ ಮಾಡಿ ಅಂತ. ಕಪ್ಪು ಒಂದರ ತಂಡಗಳು ಬೆನ್ನು ಬೆನ್ನಿಗೆ, ಆಮೇಲೆ ಬಿಳಿ ಎರಡು, ಕೊನೆಗೆ ಹೆಂಗಸರ ಮತ್ತು ಮಕ್ಕಳ ತಂಡಗಳು. ಯಾಕೆ ಅಂದರೆ ತಬಲಾ, ಮೃದಂಗ ಪ್ರತಿ ಸಲ ಹೊಸ ಶ್ರುತಿಗೆ ಕಟ್ಟಲು ಐದಾರು ನಿಮಿಷ ಬೇಕು. ಆ ಸುತ್ತಿಗೆಯ ಟಕ್ ಟಕ್ ಸದ್ದಿನಲ್ಲೇ ಕೇಳುಗರು ಎದ್ದು ಚಾ ಕುಡಿಯಲು ಹೋಗುವುದು. ತಬಲಾ ಎರಡು ಜೊತೆ ಸಿಕ್ಕಿದರೆ ಒಂದನ್ನು ಗಂಡಸರ ಶ್ರುತಿಗೆ, ಇನ್ನೊಂದನ್ನು ಹೆಂಗಸರ ಶ್ರುತಿಗೆ ಕಟ್ಟಿಟ್ಟು ಬಿಡಿ.

ಒಂದು ತಂಡಕ್ಕೆ ಎಂಟು ನಿಮಿಷ, ಏರಿ ಇಳಿಯಲು ಮೂರು ನಿಮಿಷ. ಹತ್ತು ತಂಡಕ್ಕೆ 110 ನಿಮಿಷ ಆಯಿತು. ಎಲ್ಲರೂ ಸೇರಿ ಹಾಡುವ ಒಟ್ಟು ಹಾಡಿಗೆ ಅರ್ಧ ಗಂಟೆ, ಚಾಕ್ಕೆ ಇಪ್ಪತ್ತು ನಿಮಿಷ, ಸಭೆಗೆ ಇಪ್ಪತ್ತು ನಿಮಿಷ. ಮೂರು ಗಂಟೆ ಆಗಿಹೋಯಿತು. ಹನ್ನೊಂದನೆಯ ತಂಡ ಸೇರಿಸುವ ಮೊದಲು ಈ ಲೆಕ್ಕ ಇನ್ನೊಮ್ಮೆ ಮಾಡಿ. ಕುಣಿತ ಭಜನೆಯ ತಂಡ ಇದ್ದರೆ ಅವರನ್ನು ವೇದಿಕೆಗೆ ಹತ್ತಿಸಬೇಡಿ. ಅಂಗಳ ಬೇಕು ಅವರಿಗೆ. ಚಾ ವಿರಾಮದ ಕೂಡಲೇ ಹೊರಗೆ ಕುಣಿದರೆ ಚದುರಿದ ಜನ ತಾನಾಗಿ ಸೇರುತ್ತಾರೆ.

ಒಟ್ಟು ಅಭ್ಯಾಸ

ದುಡ್ಡು ಖರ್ಚು ಮಾಡಬೇಕಾದ್ದು ಇಲ್ಲಿ. ಅಭ್ಯಾಸಕ್ಕೆ ಬರುವವರ ಜೀಪಿನ ಬಾಡಿಗೆ, ಚಾ ತಿಂಡಿ, ಇದಕ್ಕೆ ಕೈ ಬಿಗಿ ಹಿಡಿಯಬೇಡಿ. ಕಟೌಟಿಗೆ ಹಿಡಿಯಿರಿ.

ಮೊದಲು ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕಿ. ಒಂದೇ ಸ್ವರ, ಹಾರ್ಮೋನಿಯಂ, ಮೆಲ್ಲನೆ ತಾಳ, ಅಷ್ಟೇ ಇರಲಿ. ತಂಡಗಳು ತಮ್ಮ ತಮ್ಮ ಮಂದಿರದಲ್ಲಿ ಕಲಿಯಲಿ. ಆಮೇಲೆ ಹತ್ತಿರದ ಮೂರು ನಾಲ್ಕು ತಂಡಗಳನ್ನು ಒಂದು ಕಡೆ ಸೇರಿಸಿ. ಬದಿಯಡ್ಕ, ನೀರ್ಚಾಲು ಕಡೆಯವರು ಒಂದು ಗುಂಪು, ಪೆರ್ಲ, ಬಾಯಾರು ಕಡೆಯವರು ಒಂದು ಗುಂಪು, ಹೀಗೆ. ಎಲ್ಲರೂ ಸೇರುವ ಅಭ್ಯಾಸ ಕಡಿಮೆ ಅಂದರೂ ಎರಡು ಬೇಕು. ಆ ತಿಂಗಳುಗಳಲ್ಲಿ ಮನೆ ಅಂಗಳ ನಂಬಬೇಡಿ, ಎಲ್ಲ ಕಡೆ ಅಡಿಕೆ ಒಣಗಲು ಹಾಕಿರುತ್ತಾರೆ. ಶಾಲೆಯ ಹಾಲ್ ಕೇಳಿ.

ಎಲ್ಲರೂ ಸೇರಿದ ಮೊದಲ ದಿನ ಏನಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಪಲ್ಲವಿ ಚೆನ್ನಾಗಿಯೇ ಏಳುತ್ತದೆ. ಎಲ್ಲರ ಮುಖದಲ್ಲೂ ನಗು. ಎರಡನೇ ಚರಣಕ್ಕೆ ಹಿಂದಿನ ಸಾಲಿನ ಹುಡುಗರ ತಾಳ ಕೂದಲೆಳೆಯಷ್ಟು ಮುಂದೆ ಓಡುತ್ತದೆ. ಮೃದಂಗದವರು ಅದನ್ನು ಹಿಡಿಯಲು ಕಾಲ ಏರಿಸುತ್ತಾರೆ. ಕುಣಿತ ಭಜನೆ ಅಭ್ಯಾಸ ಇದ್ದ ತಂಡಕ್ಕೆ ಅಷ್ಟೇ ಸಾಕು, ಅವರ ಕಾಲು ನಿಲ್ಲುವುದಿಲ್ಲ. ಎಡಬದಿಯಲ್ಲಿ ಕೂತ ಅಜ್ಜಿಯಂದಿರು ಉಸಿರು ಸಾಲದೆ ಅರ್ಧ ಸಾಲು ಬಿಟ್ಟು ಹಾರುತ್ತಾರೆ. ಮೂರನೇ ಚರಣ ಮುಗಿಯುವಾಗ ಹಾಡು ಎರಡು ತುಂಡಾಗಿರುತ್ತದೆ. ಎಲ್ಲರೂ ಹಾರ್ಮೋನಿಯಂನವರನ್ನು ನೋಡುತ್ತಾರೆ. ಪಾಪ, ಅವರದ್ದೇನೂ ತಪ್ಪಿರುವುದಿಲ್ಲ.

ಇದಕ್ಕೆ ಅರ್ಧ ಕಾರಣ ದೂರ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಆಚೆ ನಿಂತವನಿಗೆ ತಾಳ ಕೇಳುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಭಜನೆಯಲ್ಲಿ ಅದು ಒಂದು ಪೆಟ್ಟಿನ ಐದನೇ ಒಂದು ಭಾಗ. ಕಿವಿ ನಂಬಿ ಹಾಡಿದರೆ ಹಿಂದೆ ಬೀಳುವುದು ಗ್ಯಾರಂಟಿ. ಹಾಗಾಗಿ:

ಉದ್ದಕ್ಕೆ ಸಾಲು ನಿಲ್ಲಿಸಬೇಡಿ. ಅರ್ಧ ವೃತ್ತದಲ್ಲಿ ಐದಾರು ಸಾಲು ಮಾಡಿ, ಮಕ್ಕಳು ಮುಂದೆ. ಮೃದಂಗ, ಹಾರ್ಮೋನಿಯಂ ನಡುವೆ.

ತಾಳ ಒಬ್ಬರ ಕೈಯಲ್ಲಿ ಮಾತ್ರ. ಬಾಕಿ ತಾಳಗಳೆಲ್ಲ ಚೀಲದಲ್ಲಿ. ಇದು ಹೇಳುವಷ್ಟು ಸುಲಭ ಅಲ್ಲ, ತಾಳ ಹಿಡಿಯದೆ ಹಾಡಿ ಗೊತ್ತಿಲ್ಲದ ಹಿರಿಯರು ಇರುತ್ತಾರೆ. ಅವರಿಗೆ ಕೊನೆಯ ಹಾಡಿನ ಕೊನೆಯ ಆವರ್ತನಗಳಲ್ಲಿ ಬಾರಿಸುವ ಅವಕಾಶ ಕೊಡಿ, ಸಮಾಧಾನ ಆಗುತ್ತದೆ.

ಎಲ್ಲರಿಗೂ ಕಾಣುವ ಹಾಗೆ ಸ್ಟೂಲ್ ಮೇಲೆ ಒಬ್ಬರು ನಿಂತು ಕೈಯಲ್ಲಿ ಕಾಲ ತೋರಿಸಲಿ. ಭಜನೆಯವರಿಗೆ ಕೈ ನೋಡಿ ಹಾಡುವ ರೂಢಿ ಇಲ್ಲ. ಇಗರ್ಜಿಯ ತಂಡಕ್ಕೆ ಇದೆ. ಆ ಕೆಲಸ ಅವರ ನಿರ್ದೇಶಕರಿಗೇ ಒಪ್ಪಿಸಿ. ಸಾಲು ಹೇಳಿಕೊಡುವ ಕೆಲಸ ಭಜನೆಯ ಗುರುಗಳದ್ದು. ಒಬ್ಬರು ಹೇಳುವುದು, ಉಳಿದವರು ಹಿಂದಿನಿಂದ ಹೇಳುವುದು ನಮ್ಮ ಭಜನೆಯ ಕ್ರಮ, ಅದರಲ್ಲಿ ಸಾಹಿತ್ಯ ಮರೆತವರೂ ಸುಧಾರಿಸಿಕೊಳ್ಳುತ್ತಾರೆ. ಇಗರ್ಜಿ ತಂಡಕ್ಕೆ ಎರಡು ಮೂರು ಸ್ವರದ ಪದರದಲ್ಲಿ ಹಾಡುವುದು ಗೊತ್ತು. ಒಟ್ಟು ಹಾಡಿನ ಕೊನೆಯ ಪಲ್ಲವಿಗೆ ಮಾತ್ರ ಅವರು ಮೇಲಿನ ಪದರ ಸೇರಿಸಲಿ. ಇಡೀ ಹಾಡಿಗೆ ಬೇಡ, ಪಕ್ಕದಲ್ಲಿ ನಿಂತವರು ದಾರಿ ತಪ್ಪುತ್ತಾರೆ.

ಪರವಾನಗಿ, ಲೆಕ್ಕಪತ್ರ

ಮೈಕ್ ಪರವಾನಗಿಗೆ ಪೊಲೀಸ್ ಸ್ಟೇಷನ್ನಿಗೆ ಮೊದಲೇ ಅರ್ಜಿ ಕೊಡಿ. ಅರ್ಜಿ ಕನ್ನಡದಲ್ಲೇ ಕೊಡಬಹುದು, ಇಲ್ಲಿನ ಕನ್ನಡಿಗರಿಗೆ ಆ ಹಕ್ಕು ಇದೆ. ಜೊತೆಗೊಂದು ಮಲಯಾಳ ಪ್ರತಿ ಇಟ್ಟರೆ ಓಡಾಟ ಕಡಿಮೆ. ಹಕ್ಕೂ ಉಳಿಯಿತು, ಕೆಲಸವೂ ಆಯಿತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಮೌನ ವಲಯದ ಮಾತಿದೆ. ಶಾಲೆಯ ಹೊರಗೆ ಧ್ವನಿವರ್ಧಕ ಇಡುವ ಆಲೋಚನೆ ಇದ್ದರೆ ಸ್ಟೇಷನ್ನಿನಲ್ಲಿ ಕೇಳಿಯೇ ಇಡಿ.

ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮ ಆದರೆ ಮೂರು ದಿನ ಮೊದಲಾದರೂ ಪಂಚಾಯತಿಗೆ ತಿಳಿಸಬೇಕು. ಕಸ ಒಯ್ಯಲು ಪಂಚಾಯತಿನ ಕಸ ಸಂಗ್ರಹಿಸುವ ತಂಡವಾದ ಹರಿತ ಕರ್ಮ ಸೇನೆಯವರ ಜೊತೆ ಆಗಲೇ ಮಾತಾಡಿ. ಪಿವಿಸಿ ಫ್ಲೆಕ್ಸ್ ಕೇರಳದಲ್ಲಿ 2019ರಿಂದ ನಿಷೇಧ, ಬಟ್ಟೆಯ ಬ್ಯಾನರ್ ಬರೆಸಿ.

ಸರಕಾರದ ಸಹಾಯಧನ ಬೇಕೆಂದಿದ್ದರೆ ನೋಂದಾಯಿತ ಸಂಘ ಬೇಕು. ನಮ್ಮ ಮಲಬಾರ್ ಭಾಗದಲ್ಲಿ ನೋಂದಣಿ 1860ರ ಕಾಯ್ದೆಯ ಪ್ರಕಾರ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿನಾಡಿನ ಕನ್ನಡ ಸಂಘಗಳಿಗೆ ನೆರವು ಕೊಡುತ್ತದೆ. ಆ ಹಣ ಕೈಗೆ ಬರುವ ತನಕ ಹಬ್ಬ ಕಾಯುವುದಿಲ್ಲ, ಹಾಗಾಗಿ ರಶೀದಿ ಪುಸ್ತಕ ಹಿಡಿದು ಮನೆಮನೆ ಹೋಗುವುದು ತಪ್ಪುವುದಿಲ್ಲ. ದುಡ್ಡಿನ ಬದಲು ತೆಂಗಿನಕಾಯಿ, ಅಕ್ಕಿ, ಬಾಳೆಗೊನೆ ಕೊಟ್ಟರೂ ರಶೀದಿ ಬರೆಯಿರಿ.

ಮೈಕ್‌ನವರ ಹತ್ತಿರ ಹೇಳಬೇಕಾದ್ದು

ಎಕೋ ಬೇಡ. ಇದನ್ನು ಮೂರು ಸಲ ಹೇಳಿ. ಒಬ್ಬನ ಹಾಡಿಗೆ ಎಕೋ ಹಾಕಿದರೆ ಸ್ವಲ್ಪ ಚಂದ ಕೇಳಬಹುದು, ಇನ್ನೂರು ಜನರ ಹಾಡಿಗೆ ಹಾಕಿದರೆ ಒಂದು ಅಕ್ಷರವೂ ಅರ್ಥ ಆಗುವುದಿಲ್ಲ. ಹನ್ನೆರಡು ಹದಿನೈದು ಜನರ ತಂಡಕ್ಕೆ ಸ್ಟ್ಯಾಂಡ್ ಮೇಲೆ ನಾಲ್ಕು ಮೈಕ್ ಸಾಕು. ಅದಲ್ಲದೆ ಹೇಳಿಕೊಡುವವರಿಗೆ ಒಂದು, ಹಾರ್ಮೋನಿಯಂಗೆ ಒಂದು, ಮೃದಂಗಕ್ಕೆ ಒಂದು. ತಾಳಕ್ಕೆ ಮೈಕ್ ಬೇಡವೇ ಬೇಡ. ಬಾಕ್ಸ್‌ಗಳು (ಸ್ಪೀಕರ್) ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಲಿ, ಇಲ್ಲದಿದ್ದರೆ ಕೂಗುತ್ತವೆ. ಒಟ್ಟು ಹಾಡಿಗೆ ಮಾತ್ರ ಒಂದು ಸಣ್ಣ ಬಾಕ್ಸ್ ಹಾಡುವವರ ಕಡೆ ತಿರುಗಿಸಿ, ಅದರಲ್ಲಿ ಶ್ರುತಿ ಮತ್ತು ಮೃದಂಗ ಮಾತ್ರ ಬರಲಿ. ಕರೆಂಟು ಹೋಗುವುದು ಹೇಳಿ ಕೇಳಿ ಅಲ್ಲ, ಜನರೇಟರ್ ಇರಲಿ.

ಹಬ್ಬದ ದಿನ

ಸಭಾ ಕಾರ್ಯಕ್ರಮ ಇಪ್ಪತ್ತು ನಿಮಿಷ ಎಂದು ಬರೆದಿದ್ದೇನೆ. ಇದನ್ನು ಕಾಪಾಡಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಎಂಟು ಅತಿಥಿಗಳು ತಲಾ ಹತ್ತು ನಿಮಿಷ ಮಾತಾಡಿದರೆ ಏಳು ತಂಡಗಳ ಸಮಯ ಹೋಯಿತು. ದೀಪ ಹಚ್ಚಲು ಒಬ್ಬರು, ನಾಲ್ಕು ಮಾತಿಗೆ ಒಬ್ಬರು. ಉಳಿದ ಗಣ್ಯರನ್ನು ಒಟ್ಟು ಹಾಡಿನ ಸಾಲಿನಲ್ಲಿ ನಿಲ್ಲಿಸಿ, ಸಾಹಿತ್ಯದ ಹಾಳೆ ಕೊಡಿ. ವಾರ್ಡ್ ಮೆಂಬರ್ ಹಾಡುವುದನ್ನು ನೋಡಲು ಜನ ಖಂಡಿತ ನಿಲ್ಲುತ್ತಾರೆ.

ಒಟ್ಟು ಹಾಡುಗಳನ್ನು ಕೊನೆಗೆ ಮೂರನ್ನೂ ಇಡಬೇಡಿ. ಶುರುವಿಗೆ ಒಂದು, ಚಾ ಆದ ಮೇಲೆ ಒಂದು, ಮುಗಿಸುವಾಗ ಒಂದು. ತಂಡಗಳು ಉಳಿಯುವುದು ಇದರಿಂದಲೇ. ಸಾಹಿತ್ಯದ ಹಾಳೆ ಕೇಳುಗರಿಗೂ ಹಂಚಿ.

ಹಾಡುವವರಿಗೆ ಮಧ್ಯಾಹ್ನದ ಊಟ ಹೊಟ್ಟೆ ಬಿರಿಯುವಷ್ಟು ಬೇಡ. ಗಂಜಿ, ಚಟ್ನಿ, ಪಲ್ಯ, ಉಪ್ಪಿನಕಾಯಿ ಒಳ್ಳೆಯದು. ನೂರು ಜನರಿಗೆ ಹತ್ತರಿಂದ ಹನ್ನೆರಡು ಕಿಲೋ ಕುಚ್ಚಿಲಕ್ಕಿ ಲೆಕ್ಕ ಇಟ್ಟುಕೊಳ್ಳಿ. ಹಾಡುವ ಮೊದಲು ಐಸ್ ಹಾಕಿದ ಶರಬತ್ತು ಕೊಡಬೇಡಿ. ಜೀರಿಗೆ ಕಷಾಯ, ಉಗುರುಬೆಚ್ಚಗಿನ ನೀರು ಇರಲಿ, ಪುನರ್ಪುಳಿ (ಕೋಕಂ) ಶರಬತ್ತು ಕೊನೆಗೆ. ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ.

ಮರುದಿನ

ಕಸ ವಿಂಗಡಿಸಿ ಕೊಟ್ಟು, ಕುರ್ಚಿ, ಪಾತ್ರೆ ಎಣಿಸಿ ಹಿಂದೆ ಕೊಡಿ. ತಂಡಗಳ ರೆಕಾರ್ಡಿಂಗನ್ನು ಆಯಾ ತಂಡಕ್ಕೆ ಪ್ರತ್ಯೇಕ ಕಳುಹಿಸಿ. ಮಕ್ಕಳು ಇರುವ ವಿಡಿಯೋ ಹಾಕುವ ಮೊದಲು ಮನೆಯವರನ್ನು ಕೇಳಿ. ಒಂದು ವಾರದ ಒಳಗೆ ಜಮಾ ಖರ್ಚು ಬರೆದು, ಒಂದು ಹಾಳೆಯಲ್ಲಿ, ಎಲ್ಲ ತಂಡಗಳಿಗೂ ಕಳುಹಿಸಿ. ಉಳಿಕೆ ಹಣ ಇದ್ದರೆ ಎಷ್ಟು, ಯಾರ ಖಾತೆಯಲ್ಲಿದೆ ಎಂದು ಅದರಲ್ಲೇ ಬರೆಯಿರಿ. ಹಣ ಸಾಲದೆ ಬಂದಿದ್ದರೆ ಅದನ್ನೂ ಬರೆಯಿರಿ, ಯಾರಾದರೂ ಒಬ್ಬರು ಕೈಯಿಂದ ಹಾಕಿ ಸುಮ್ಮನಿದ್ದರೆ ಮುಂದಿನ ಸಲ ಆ ಭಾರ ಹೊರಲು ಯಾರೂ ಮುಂದೆ ಬರುವುದಿಲ್ಲ.